ರಾತ್ರಿ ಆಟ, ಸುಗ್ಗಿ, ಬೆಂಕಿ ಸುತ್ತಿನ ಹಾಡು: ಯಾವ ಕ್ಯಾಮೆರಾ, ಯಾವ ಮೈಕು?

ಪ್ರಶ್ನೆ: ಸರ್, ನಮ್ಮೂರು ಮೂಡಿಗೆರೆ ಹತ್ತಿರ, ಕೆಲಸ ಹಾಸನದಲ್ಲಿ. ಶನಿವಾರ ಬಂತೆಂದರೆ ಊರಿಗೆ ಹೊರಡುತ್ತೇನೆ. ರಾತ್ರಿ ಎಲ್ಲಾದರೂ ಯಕ್ಷಗಾನದ ಆಟ ಇದ್ದರೆ, ಸುಗ್ಗಿ ಕುಣಿತ ಇದ್ದರೆ, ಇಲ್ಲವೇ ಗೆಳೆಯನ ಹೋಂಸ್ಟೇಯಲ್ಲಿ ಬೆಂಕಿ ಹಾಕಿಕೊಂಡು ಹಾಡುವುದಿದ್ದರೆ ನಾನು ಅಲ್ಲಿರಲೇಬೇಕು. ಎಲ್ಲವನ್ನೂ ಮೊಬೈಲಿನಲ್ಲಿ ತೆಗೆಯುತ್ತೇನೆ. ಚಿತ್ರದಲ್ಲಿ ಬರೀ ಕಾಳು ಕಾಳು. ವೇಷದ ಮುಖ ಬಿಳಿ ಉಂಡೆಯ ಹಾಗೆ ಕಾಣುತ್ತದೆ. ಕೆಲವು ಸಲ ಪರದೆ ಮೇಲೆ ಕಪ್ಪು ಪಟ್ಟಿಗಳು ಓಡುತ್ತವೆ. ಚಂಡೆ ಶುರುವಾದರೆ ಭಾಗವತರ ಹಾಡೇ ಕೇಳುವುದಿಲ್ಲ, ಏನೋ ಒಡೆದ ಹಾಗೆ ಗರಗರ ಅನ್ನುತ್ತದೆ. ಮನೆಯವರೂ ಎರಡು ನಿಮಿಷಕ್ಕಿಂತ ಜಾಸ್ತಿ ನೋಡುವುದಿಲ್ಲ. ಹಾಸನದ ಅಂಗಡಿಯಲ್ಲಿ ಕೇಳಿದೆ. 4ಕೆ ಆಕ್ಷನ್ ಕ್ಯಾಮೆರಾ ತಗೊಳ್ಳಿ, ಜೊತೆಗೆ ಒಂದು ವೈರ್‌ಲೆಸ್ ಮೈಕ್ ಹಾಕಿಕೊಳ್ಳಿ, ಎಲ್ಲ ಸರಿಹೋಗುತ್ತೆ ಎಂದರು. ಚಿಕ್ಕಪ್ಪನ ಮಗ, ಮೈಕೇ ಬೇಡ, ಈಗ ಆ್ಯಪ್‌ನಲ್ಲೇ ಸದ್ದು ಕ್ಲೀನ್ ಮಾಡಬಹುದು ಅನ್ನುತ್ತಾನೆ. ನನ್ನ ಹತ್ತಿರ 70 ಸಾವಿರ ಇದೆ. ಜೇಬಿಗೋ ಸಣ್ಣ ಬ್ಯಾಗಿಗೋ ಹಿಡಿಯಬೇಕು. ಏನು ತಗೊಳ್ಳಲಿ? ಹಳೆಯದು ಸಿಕ್ಕಿದರೂ ಆಗಬಹುದಾ?

ಉತ್ತರ: ನೀವು ಚಿತ್ರದ ಬಗ್ಗೆ ಜಾಸ್ತಿ ಬರೆದಿದ್ದೀರಿ, ಸದ್ದಿನ ಬಗ್ಗೆ ಕಡಿಮೆ. ನನಗೆ ಅನ್ನಿಸುವುದು ಇದರ ಉಲ್ಟಾ. ಮನೆಯವರು ಎರಡೇ ನಿಮಿಷಕ್ಕೆ ಎದ್ದು ಹೋಗುವುದು ಕಾಳು ಕಾಳಾದ ಚಿತ್ರಕ್ಕಲ್ಲ, ಆ ಗರಗರಕ್ಕೆ. ಚಿತ್ರ ಮಂಕಾಗಿದ್ದರೂ ಹಾಡು ಚೆನ್ನಾಗಿದ್ದರೆ ಜನ ಕೂತು ಕೇಳುತ್ತಾರೆ. ಮದುವೆ, ಜಾತ್ರೆ, ಆಟ ಅಂತ ಚಿಕ್ಕಮಗಳೂರು ಸುತ್ತಮುತ್ತ ಚಿತ್ರೀಕರಣ ಮಾಡುತ್ತಾ ನಾನು ಕಂಡುಕೊಂಡದ್ದು ಇದೇ. ಹಾಗಾಗಿ 70 ಸಾವಿರದಲ್ಲಿ 15 ಸಾವಿರವನ್ನು ಸದ್ದಿಗೆ ಅಂತ ಮೊದಲೇ ಎತ್ತಿಡಿ. ಉಳಿದದ್ದರಲ್ಲಿ ಕ್ಯಾಮೆರಾ ನೋಡೋಣ.

ಮೊದಲು ಅಂಗಡಿಯವರ 4ಕೆ ಮಾತು. 4ಕೆ ಎಂದರೆ ಚಿತ್ರದಲ್ಲಿ ಎಷ್ಟು ಚುಕ್ಕಿಗಳಿವೆ ಅನ್ನುವ ಲೆಕ್ಕ ಅಷ್ಟೇ. ರಾತ್ರಿ ನಿಮಗೆ ಕೊರತೆ ಇರುವುದು ಬೆಳಕಿನದು. ಬೆಳಕು ಎಷ್ಟು ಒಳಗೆ ಬರುತ್ತದೆ ಅನ್ನುವುದನ್ನು ಎರಡು ಸಂಗತಿ ತೀರ್ಮಾನಿಸುತ್ತವೆ: ಸೆನ್ಸರ್ (ಬೆಳಕು ಹಿಡಿಯುವ ಚಿಪ್) ಎಷ್ಟು ದೊಡ್ಡದು, ಲೆನ್ಸಿನ ಬಾಯಿ ಎಷ್ಟು ಅಗಲ. ಆಕ್ಷನ್ ಕ್ಯಾಮೆರಾಗಳಲ್ಲಿ ಹೆಸರಾದ ಗೋಪ್ರೋ ಹೀರೋ 12, 13ರ ಸೆನ್ಸರ್ 1/1.9 ಇಂಚು, ಲೆನ್ಸ್ ಎಫ್ 2.5 (ಎಫ್ ಸಂಖ್ಯೆ ಸಣ್ಣದಾದಷ್ಟೂ ಲೆನ್ಸಿನ ಬಾಯಿ ಅಗಲ). ವ್ಲಾಗ್ ಕ್ಯಾಮೆರಾಗಳಲ್ಲಿ ಬರುವ 'ಒಂದು ಇಂಚಿನ' ಸೆನ್ಸರ್ ಹೆಸರಿಗಷ್ಟೇ ಒಂದು ಇಂಚು, ನಿಜವಾದ ಅಳತೆ 13.2 x 8.8 ಮಿಲಿಮೀಟರ್. ಆದರೂ ಅದು ಗೋಪ್ರೋ ಸೆನ್ಸರಿಗಿಂತ ಸುಮಾರು ಮೂರು ಪಟ್ಟು ವಿಸ್ತಾರ. ಮೇಲೆ ಎಫ್ 1.8 ಲೆನ್ಸ್ ಇದ್ದರೆ ಬೆಳಕು ಮತ್ತೆ ಹೆಚ್ಚುಕಮ್ಮಿ ಎರಡು ಪಟ್ಟು. ಹಗಲು ಬೈಕಿನ ಹ್ಯಾಂಡಲ್ಲಿಗೆ ಕಟ್ಟಿಕೊಂಡು ಚಾರ್ಮಾಡಿ ಘಾಟಿ ಇಳಿಯಲು ಆಕ್ಷನ್ ಕ್ಯಾಮೆರಾದಷ್ಟು ಒಳ್ಳೆಯದು ಬೇರೆ ಇಲ್ಲ. ರಾತ್ರಿಗೆ ಬೇಡ.

ಇನ್ನೊಂದು ವಿಷಯವನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಆಕ್ಷನ್ ಕ್ಯಾಮೆರಾದ ನಡುಕ ತಡೆಯುವ ವ್ಯವಸ್ಥೆ ಎಲೆಕ್ಟ್ರಾನಿಕ್. ಚಿತ್ರ ತೆಗೆದ ಮೇಲೆ ಅದನ್ನು ಅತ್ತಿತ್ತ ಸರಿಸಿ ಸಮ ಮಾಡುತ್ತದೆ. ಕತ್ತಲಲ್ಲಿ ಪ್ರತಿ ಫ್ರೇಮಿಗೂ, ಅಂದರೆ ವಿಡಿಯೊದ ಒಂದೊಂದು ಚಿತ್ರಕ್ಕೂ, ಜಾಸ್ತಿ ಹೊತ್ತು ಬೆಳಕು ಬೇಕು. ಆ ಹೊತ್ತಿನಲ್ಲಿ ಕೈ ಅಲ್ಲಾಡಿದರೆ ಫ್ರೇಮೇ ಕದಡಿಹೋಗಿರುತ್ತದೆ. ಕದಡಿದ್ದನ್ನು ಎಷ್ಟು ಸರಿಸಿದರೂ ಕದಡಿದ್ದೇ. ನಡೆಯುತ್ತಾ ತೆಗೆದ ರಾತ್ರಿ ವಿಡಿಯೊಗಳಲ್ಲಿ ದೀಪಗಳು ಮಿಣಮಿಣ ನಡುಗುವುದು ಇದಕ್ಕೇ.

ಹಾಗಾದರೆ ಇದೇ ಮೊಬೈಲಿನಲ್ಲಿ ರಾತ್ರಿ ಫೋಟೊ ಅಷ್ಟು ಚೆನ್ನಾಗಿ ಬರುತ್ತಲ್ಲ ಅಂತ ನೀವು ಕೇಳಬಹುದು. ಫೋಟೊಗೆ ಮೊಬೈಲು ಒಂದೆರಡು ಸೆಕೆಂಡು ಹಲವು ಚಿತ್ರ ತೆಗೆದು ಒಂದರ ಮೇಲೊಂದು ಸೇರಿಸುತ್ತದೆ. ವಿಡಿಯೊದಲ್ಲಿ ಸೆಕೆಂಡಿಗೆ 25 ಅಥವಾ 30 ಚಿತ್ರ ಬೇಕೇಬೇಕು. ಕಾಯಲು ಪುರಸೊತ್ತಿಲ್ಲ. ಸಿಕ್ಕ ಚೂರು ಬೆಳಕನ್ನೇ ಹಿಗ್ಗಿಸುತ್ತದೆ. ಹಿಗ್ಗಿಸಿದಾಗ ಎದ್ದು ಕಾಣುವುದೇ ಆ ಕಾಳು.

ಆದರೆ ಬಿಳಿ ಉಂಡೆಯ ಮುಖಕ್ಕೆ ಕಾರಣ ಬೇರೆ, ಅದಕ್ಕೆ ದುಡ್ಡೂ ಬೇಡ. ರಂಗಸ್ಥಳ ಕತ್ತಲಲ್ಲ. ಅಲ್ಲಿ ಒಳ್ಳೆಯ ಬೆಳಕೇ ಇರುತ್ತದೆ. ಕತ್ತಲಿರುವುದು ಸುತ್ತಲೂ. ಮೊಬೈಲಿನ ಆಟೊ ಇಡೀ ಚೌಕಟ್ಟನ್ನು ನೋಡಿ, 'ಅಯ್ಯೋ, ಬರೀ ಕಪ್ಪು' ಅಂದುಕೊಂಡು ಎಲ್ಲವನ್ನೂ ಬೆಳಗಿಸಲು ಹೋಗುತ್ತದೆ. ಕಪ್ಪು ಆಕಾಶದಲ್ಲಿ ಕಾಳು ಏಳುತ್ತದೆ, ವೇಷದ ಬಣ್ಣ ಸುಟ್ಟುಹೋಗುತ್ತದೆ. ಇವತ್ತೇ ಮಾಡಿ ನೋಡಿ. ಪರದೆ ಮೇಲೆ ವೇಷದ ಮುಖವನ್ನು ಒತ್ತಿ ಹಿಡಿದು ಲಾಕ್ ಮಾಡಿ, ಬೆಳಕಿನ ಗುರುತನ್ನು ಸ್ವಲ್ಪ ಕೆಳಕ್ಕೆ ಎಳೆಯಿರಿ. ಕಿರೀಟದ ಮಿಂಚು, ಮುಖದ ಕೆಂಪು ಹಳದಿ ತಿರುಗಿ ಕಾಣುತ್ತವೆ. ಬಣ್ಣದ ಸೆಟ್ಟಿಂಗ್, ಅಂದರೆ ವೈಟ್ ಬ್ಯಾಲೆನ್ಸ್ ಕೂಡ ಆಟೊ ಇಡಬೇಡಿ. ಕೆಂಪು ವೇಷ ಬಂದರೆ ಒಂದು ಬಣ್ಣ, ಹಸಿರು ವೇಷ ಬಂದರೆ ಇನ್ನೊಂದು ಬಣ್ಣ ಅಂತ ಅದು ಕುಣಿಯುತ್ತಲೇ ಇರುತ್ತದೆ. ವೇಷದವರು ಕುಣಿದರೆ ಸಾಕು.

ಕಪ್ಪು ಪಟ್ಟಿಗೂ ಕ್ಯಾಮೆರಾ ಕೆಟ್ಟಿಲ್ಲ. ನಮ್ಮ ಕರೆಂಟು 50 ಹರ್ಟ್ಜ್. ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ಕಾಣುವುದಿಲ್ಲ. ಕ್ಯಾಮೆರಾ ಸೆಕೆಂಡಿಗೆ 30 ಫ್ರೇಮ್, ಶಟರ್ (ಪ್ರತಿ ಫ್ರೇಮಿಗೆ ಬೆಳಕು ಬೀಳುವ ಹೊತ್ತು) 1/60 ಸೆಕೆಂಡು ಇದ್ದರೆ ಲೆಕ್ಕ ತಪ್ಪಿ ಪಟ್ಟಿ ಓಡುತ್ತದೆ. 25 ಫ್ರೇಮ್, ಶಟರ್ 1/50 ಇಡಿ, ಬಹುಪಾಲು ನಿಲ್ಲುತ್ತದೆ. ಕ್ಯಾಮೆರಾ ಮೆನುವಿನಲ್ಲಿ ಪಾಲ್, ಎನ್‌ಟಿಎಸ್‌ಸಿ ಅಂತ ಆಯ್ಕೆ ಇದ್ದರೆ ಪಾಲ್ ಆರಿಸಿ. ಐಫೋನಿನಲ್ಲೂ ಪಾಲ್ ತೋರಿಸು ಅನ್ನುವ ಆಯ್ಕೆ ಸೆಟ್ಟಿಂಗ್ಸ್ ಒಳಗಿದೆ. ಆರ್ಕೆಸ್ಟ್ರಾದವರ ಬಣ್ಣಬಣ್ಣದ ಎಲ್‌ಇಡಿಗಳು ಮಾತ್ರ ತಮ್ಮದೇ ತಾಳದಲ್ಲಿ ಮಿಣುಕುತ್ತವೆ. ಅಲ್ಲಿ ಶಟರ್ ಅತ್ತಿತ್ತ ಮಾಡಿ ನೋಡಬೇಕು, ಬೇರೆ ದಾರಿ ಇಲ್ಲ.

ಈಗ ಕ್ಯಾಮೆರಾ. ನಿಮ್ಮ ಬಜೆಟ್ಟಿಗೆ, ಜೇಬಿನ ಅಳತೆಗೆ ನಾನು ನಿಜವಾಗಿ ಯೋಚಿಸುವುದು ಎರಡನ್ನೇ. ಒಂದು, 2020ರಲ್ಲಿ ಬಂದ ಸೋನಿ ಝಡ್‌ವಿ-1. ಇನ್ನೊಂದು, 2023ರ ಡಿಜೆಐ ಓಸ್ಮೊ ಪಾಕೆಟ್ 3. ಎರಡರಲ್ಲೂ ಒಂದು ಇಂಚಿನ ಸೆನ್ಸರ್ ಇದೆ. ಗುಣ ಮಾತ್ರ ಪೂರ್ತಿ ಬೇರೆ.

ಪಾಕೆಟ್ 3ರಲ್ಲಿ ಲೆನ್ಸನ್ನು ಮೂರು ಕಡೆಗೂ ತಿರುಗುವ ಪುಟ್ಟ ಗಿಂಬಲ್ ಹಿಡಿದಿರುತ್ತದೆ. ಕೈ ನಡುಗಿದರೂ ಲೆನ್ಸ್ ನಡುಗುವುದಿಲ್ಲ. ಹಾಗಾಗಿ ಕತ್ತಲಲ್ಲಿ ನಡೆಯುತ್ತಾ ತೆಗೆದರೂ ಚಿತ್ರ ಕದಡುವುದು ಕಡಿಮೆ. ಸುಗ್ಗಿ ಕುಣಿತದ ಸುತ್ತಿನೊಳಗೆ ನುಗ್ಗಿ ತೆಗೆಯಲು, ಬೇಲೂರಿನ ತೇರಿನಂಥ ಜನಸಂದಣಿಯಲ್ಲಿ, ಬೆಂಕಿ ಸುತ್ತ ಕೂತವರ ಮುಖದಿಂದ ಮುಖಕ್ಕೆ ಹೋಗಲು ಇದು ಬಲು ಚೆಂದ. ಕೊರತೆ ಒಂದೇ, ಆದರೆ ನಿಮಗೆ ಅದು ದೊಡ್ಡದು. ಆಪ್ಟಿಕಲ್ ಜೂಮ್ ಇಲ್ಲ. ಲೆನ್ಸಿನ ನೋಟ ಬಹಳ ಅಗಲ, ಕ್ಯಾಮೆರಾ ಭಾಷೆಯಲ್ಲಿ 20 ಮಿಲಿಮೀಟರ್ (ಈ ಸಂಖ್ಯೆ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ). ನೀವು ರಂಗಸ್ಥಳದಿಂದ 10 ಮೀಟರ್ ಹಿಂದೆ ಕೂತರೆ ಅದರ ಚೌಕಟ್ಟಿನಲ್ಲಿ ಅಡ್ಡಕ್ಕೆ ಸುಮಾರು 18 ಮೀಟರ್ ತುಂಬುತ್ತದೆ. ರಂಗಸ್ಥಳ, ಎರಡೂ ಕಡೆಯ ಸ್ಪೀಕರು, ಪಕ್ಕದ ಮರ, ಚುರುಮುರಿ ಗಾಡಿ ಎಲ್ಲ ಬರುತ್ತದೆ. ವೇಷ ಹೆಬ್ಬೆರಳಷ್ಟು.

ಝಡ್‌ವಿ-1ರ ಲೆನ್ಸ್ 24ರಿಂದ 70 ಮಿಲಿಮೀಟರ್ ತನಕ ಜೂಮ್ ಆಗುತ್ತದೆ. ಅದೇ 10 ಮೀಟರಿನಿಂದ 70ಕ್ಕೆ ಎಳೆದರೆ ಚೌಕಟ್ಟಿನಲ್ಲಿ ಬರುವುದು ಸುಮಾರು 5 ಮೀಟರ್. ಅಂದರೆ ಹೆಚ್ಚುಕಮ್ಮಿ ರಂಗಸ್ಥಳ ಮಾತ್ರ. ಜೂಮ್ ಎಳೆದಾಗ ಲೆನ್ಸಿನ ಬಾಯಿ ಎಫ್ 2.8ಕ್ಕೆ ಇಳಿಯುತ್ತದೆ ನಿಜ, ಆದರೆ ರಂಗಸ್ಥಳದ ಬೆಳಕಿಗೆ ಅದು ಸಾಕು. ಮೈಕ್ ಹಾಕುವ 3.5 ಮಿಲಿಮೀಟರ್ ತೂತೂ ಇದೆ. ಇದರ ಕಷ್ಟ ಎರಡು. ಬ್ಯಾಟರಿ ಸಣ್ಣದು, ಒಂದು ಗಂಟೆ ಬಂದರೆ ಹೆಚ್ಚು. ಬಿಸಿಯೂ ಆಗುತ್ತದೆ. ಕಂಪನಿಯಿಂದ ಬಂದ ಸೆಟ್ಟಿಂಗಿನಲ್ಲಿ 4ಕೆ ಇಟ್ಟರೆ 5 ನಿಮಿಷದ ಸುಮಾರಿಗೆ ನಿಂತೇಬಿಡಬಹುದು. ಮೆನುವಿನಲ್ಲಿ ಬಿಸಿಗೆ ಆಫ್ ಆಗುವ ಮಿತಿಯನ್ನು 'ಹೈ' ಮಾಡಿ, ಆಟಕ್ಕೆ 4ಕೆಗಿಂತ ಕಡಿಮೆ ಚುಕ್ಕಿಯ 1080ರಲ್ಲೇ ತೆಗೆಯಿರಿ. ಝಡ್‌ವಿ-1 ಮಾರ್ಕ್ 2 ಹೊಸದು ಅಂತ ಅದನ್ನೇ ಕೊಡಲು ನೋಡುತ್ತಾರೆ. ಅದರ ಜೂಮ್ 50ಕ್ಕೇ ನಿಲ್ಲುತ್ತದೆ, ಲೆನ್ಸಿನೊಳಗೆ ನಡುಕ ತಡೆಯುವ ವ್ಯವಸ್ಥೆಯೂ ಇಲ್ಲ. ನಿಮಗೆ ಹಳೆಯದೇ ಮೇಲು.

ನಿಮ್ಮ ರಾತ್ರಿಗಳಲ್ಲಿ ಆಟವೇ ಜಾಸ್ತಿ ಅಂತಾದರೆ ಝಡ್‌ವಿ-1. ಸುಗ್ಗಿ, ಜಾತ್ರೆ, ಗೆಳೆಯರ ಕೂಟ ಜಾಸ್ತಿ ಅಂತಾದರೆ ಪಾಕೆಟ್ 3. ಎರಡಕ್ಕೂ ಒಂದೇ ಬೇಕು ಅಂದರೆ ನಾನು ಪಾಕೆಟ್ 3 ಹಿಡಿದು ಆಟಕ್ಕೆ ಬೇಗ ಹೋಗಿ ಮುಂದಿನ ಸಾಲಿನಲ್ಲಿ ಕೂರುತ್ತೇನೆ. ಹೇಗೂ ಆಟದ ನಿಜವಾದ ಸೊಗಸು ಅಲ್ಲೇ ಅಲ್ವಾ?

ಸದ್ದಿನ ವಿಷಯಕ್ಕೆ ಬರೋಣ. ಗರಗರ ಯಾಕೆ? ಮೈಕು ತಾಳಿಕೊಳ್ಳುವ ಸದ್ದಿಗೆ ಒಂದು ಮಿತಿ ಇದೆ. ಅದನ್ನು ದಾಟಿದರೆ ಅಲೆಯ ತುದಿ ಕತ್ತರಿಸಿಹೋಗುತ್ತದೆ. ಕತ್ತರಿಸಿ ಹೋದದ್ದು ಫೈಲಿನಲ್ಲಿ ಇಲ್ಲವೇ ಇಲ್ಲ. ನಿಮ್ಮ ಚಿಕ್ಕಪ್ಪನ ಮಗ ಹೇಳುವ ಆ್ಯಪ್ ಇಲ್ಲದ್ದನ್ನು ತರಲಾರದು. ಜೊತೆಗೆ ಆ ಆ್ಯಪ್‌ಗಳು ಕಲಿತಿರುವುದು ಮನುಷ್ಯರ ಮಾತನ್ನು ಉಳಿಸಿ ಮಿಕ್ಕಿದ್ದನ್ನು ಒರೆಸುವುದು. ಅವುಗಳ ಲೆಕ್ಕದಲ್ಲಿ ಚಂಡೆ, ಜಾಗಟೆ ಎಲ್ಲ ಗಲಾಟೆ. ಒರೆಸಿ ಹಾಕುತ್ತವೆ. ಮನೆಯಲ್ಲಿ ಫ್ಯಾನ್ ಸದ್ದು ತೆಗೆಯಲು ಅವು ಸರಿ.

ಇನ್ನೊಂದು ಕಾರಣ ಆಟೊ ಗೇನ್. ಭಾಗವತರು ಆಲಾಪ ಎಳೆಯುವಾಗ ಮೊಬೈಲು ಸದ್ದನ್ನು ಏರಿಸಿಕೊಂಡು ಕೂತಿರುತ್ತದೆ. ಚಂಡೆಯ ಮೊದಲ ಪೆಟ್ಟು ಬಿದ್ದ ತಕ್ಷಣ ದಿಢೀರ್ ಇಳಿಸುತ್ತದೆ. ಹಾಡು ಮುಳುಗುತ್ತದೆ. ಪೆಟ್ಟು ನಿಂತ ಮೇಲೆ ನಿಧಾನ ಏರುತ್ತದೆ. ಹಿಮ್ಮೇಳವೆಲ್ಲ ಉಸಿರು ಎಳೆದು ಬಿಟ್ಟ ಹಾಗೆ ಕೇಳುವುದು ಇದಕ್ಕೇ. ಸದ್ದಿನ ಮಟ್ಟವನ್ನು ಕೈಯಿಂದ ಇಡಬೇಕು. ಚಂಡೆ ಜೋರಾಗಿರುವಾಗ ಮೀಟರಿನ ಮುಳ್ಳು ಮೈನಸ್ 12 ಡೆಸಿಬಲ್ ಆಸುಪಾಸು ಆಡುವಂತೆ ಇಟ್ಟು ಮತ್ತೆ ಮುಟ್ಟಬೇಡಿ.

ಕ್ಯಾಮೆರಾಕ್ಕೇ ಮೈಕ್ ಸಿಕ್ಕಿಸುವುದಕ್ಕಿಂತ ನಾನು ಹೇಳುವುದು ಬೇರೆಯದೇ ಒಂದು ಸಣ್ಣ ರೆಕಾರ್ಡರ್ ಕೊಳ್ಳಿ ಅಂತ. ಝೂಮ್ ಎಚ್1 ಎಸೆನ್ಷಿಯಲ್ 2024ರಲ್ಲಿ ಬಂತು. ಅಂಗೈಯಷ್ಟು ಇದೆ, 32 ಬಿಟ್ ಫ್ಲೋಟ್ ಅನ್ನುವ ಬಗೆಯಲ್ಲಿ ರೆಕಾರ್ಡ್ ಮಾಡುತ್ತದೆ. ಇದರಲ್ಲಿ ಮಟ್ಟ ಇಡುವ ಗೋಜೇ ಇಲ್ಲ. ಪಿಸುಮಾತನ್ನೂ ಚಂಡೆಯನ್ನೂ ಒಂದೇ ಫೈಲಿನಲ್ಲಿ ಹಿಡಿದು, ಆಮೇಲೆ ಮನೆಯಲ್ಲಿ ಏರಿಸಿ ಇಳಿಸಬಹುದು. ಆದರೆ ಇಲ್ಲೊಂದು ತಪ್ಪು ತಿಳಿವಳಿಕೆ ಹರಡಿದೆ, '32 ಬಿಟ್ ಇದ್ದರೆ ಸದ್ದು ಒಡೆಯುವುದೇ ಇಲ್ಲ' ಅಂತ. ಫೈಲು ಒಡೆಯುವುದಿಲ್ಲ, ಮೈಕಿನ ಪೊರೆಗೆ ಮಿತಿ ಇದ್ದೇ ಇದೆ. ಇಂಥ ಸಣ್ಣ ರೆಕಾರ್ಡರುಗಳ ಮಿತಿ 120 ಡೆಸಿಬಲ್ ಸುಮಾರು. ಸ್ಪೀಕರಿನ ಬಾಯಿಗೇ ಇಟ್ಟರೆ ಯಾವ ಬಿಟ್ಟೂ ಕಾಪಾಡುವುದಿಲ್ಲ.

ಹಾಗಾಗಿ ಎಲ್ಲಿಡುತ್ತೀರಿ ಅನ್ನುವುದೇ ಮುಖ್ಯ. ಬಯಲಿನಲ್ಲಿ ದೂರ ಎರಡು ಪಟ್ಟಾದಾಗೆಲ್ಲ ಸದ್ದು 6 ಡೆಸಿಬಲ್ ಇಳಿಯುತ್ತದೆ. ಚಂಡೆಯಿಂದ 1 ಮೀಟರಿನಲ್ಲಿ ಇಟ್ಟದ್ದನ್ನು 8 ಮೀಟರಿಗೆ ತಂದರೆ 18 ಡೆಸಿಬಲ್ ಕಡಿಮೆ. ಎರಡು ಸ್ಪೀಕರುಗಳ ನಡುವೆ, ರಂಗಸ್ಥಳದ ಎದುರು ಮಧ್ಯಕ್ಕೆ, ಮೊದಲ ಎರಡು ಸಾಲಿನ ಹತ್ತಿರ ಸಣ್ಣ ಸ್ಟ್ಯಾಂಡಿನ ಮೇಲೆ ಇಡಿ. ಅಲ್ಲಿಗೆ ಹಿಮ್ಮೇಳದ ನೇರ ಸದ್ದೂ ಬರುತ್ತದೆ, ಮಾತೂ ಬರುತ್ತದೆ, ಗೆಜ್ಜೆಯೂ ಕೇಳುತ್ತದೆ. ನೆಲದ ಮೇಲೆ ಇಟ್ಟರೆ ಹೆಜ್ಜೆ ಹಾಕಿದಾಗೆಲ್ಲ ಗುದ್ದು ಬೀಳುತ್ತದೆ. ರೆಕಾರ್ಡರ್ ಬೇರೆ ಇರುವುದರ ದೊಡ್ಡ ಲಾಭವೇ ಇದು. ನೀವು ಕ್ಯಾಮೆರಾ ಹಿಡಿದು ಚೌಕಿ (ವೇಷ ಕಟ್ಟುವ ಜಾಗ) ಕಡೆ, ಪಕ್ಕಕ್ಕೆ, ಹಿಂದಕ್ಕೆ ಎಲ್ಲಿ ಓಡಾಡಿದರೂ ಸದ್ದು ಒಂದೇ ಜಾಗದಲ್ಲಿ ನಿಂತಿರುತ್ತದೆ. ಪಕ್ಕದಲ್ಲಿ ಪರಿಚಯದವರನ್ನು ಕೂರಿಸಿ ಹೋಗಿ. ಅವರು ಎಲೆ ಅಡಿಕೆ ಹಾಕಿಕೊಂಡು ಮೇಳದ ಬಗ್ಗೆ ವ್ಯಾಖ್ಯಾನ ಶುರು ಮಾಡದಂಥವರಾಗಿದ್ದರೆ ಒಳ್ಳೆಯದು.

ಮೈಕ್ ಸೆಟ್ಟಿನವರ ಮಿಕ್ಸರಿನಿಂದ ನೇರ ತೆಗೆದರೆ ಇನ್ನೂ ಕ್ಲೀನ್ ಅಲ್ವಾ ಅಂತ ಕೆಲವರು ಕೇಳುತ್ತಾರೆ. ಹೌದು, ಭಾಗವತರ ದನಿ ಸ್ಫಟಿಕದ ಹಾಗೆ ಬರುತ್ತದೆ. ಆದರೆ ಅಲ್ಲಿ ಬರುವುದು ಮೈಕ್ ಇಟ್ಟದ್ದು ಮಾತ್ರ. ಜನರ ನಗು, ಶಿಳ್ಳೆ, ಬಯಲಿನ ಗಾಳಿ ಇಲ್ಲದೆ ಆಟ ಸ್ಟುಡಿಯೋದಲ್ಲಿ ಆದ ಹಾಗಿರುತ್ತದೆ. ಅಪಾಯವೂ ಇದೆ. ಮಿಕ್ಸರಿನ ಲೈನ್ ಔಟ್ ಸದ್ದು ಮೈಕ್ ಮಟ್ಟಕ್ಕಿಂತ ಎಷ್ಟೋ ಪಟ್ಟು ಜೋರು. ನೇರ ಕ್ಯಾಮೆರಾದ ಮೈಕ್ ತೂತಿಗೆ ಹಾಕಿದರೆ ಪೂರ್ತಿ ಒಡೆದುಹೋಗುತ್ತದೆ. ಮಟ್ಟ ಇಳಿಸುವ ಅಟೆನ್ಯುಯೇಟರ್ ಕೇಬಲ್ ಬೇಕು. ಕ್ಯಾಮೆರಾವನ್ನು ಅದೇ ಜನರೇಟರಿನ ಚಾರ್ಜರಿಗೆ ಹಾಕಿಕೊಂಡಿದ್ದರೆ ಗುಂಯ್ ಅನ್ನುವ ಸದ್ದೂ ಸೇರಿಕೊಳ್ಳುತ್ತದೆ, ಬ್ಯಾಟರಿಯಲ್ಲೇ ಓಡಿಸಿ. ಮತ್ತೆ, ಆಟ ಶುರುವಾದ ಮೇಲೆ ಹೋಗಿ ವೈರ್ ಕೇಳಬೇಡಿ. ಸಂಜೆ ಅವರು ಸೆಟ್ ಹಾಕುವಾಗಲೇ ಹೋಗಿ ಮಾತಾಡಿಸಿ.

ವೈರ್‌ಲೆಸ್ ಮೈಕು ಆಟಕ್ಕೆ ಉಪಯೋಗವಿಲ್ಲ. ವೇಷದವರ ಎದೆಗೆ ನೀವು ಮೈಕ್ ಸಿಕ್ಕಿಸುವ ಹಾಗಿಲ್ಲ. ಅವು ಓಡುವುದು 2.4 ಗಿಗಾಹರ್ಟ್ಜ್‌ನಲ್ಲಿ, ಎಲ್ಲರ ವೈಫೈ, ಬ್ಲೂಟೂತ್ ಇರುವುದೂ ಅಲ್ಲೇ. ಸಾವಿರ ಮೊಬೈಲಿನ ನಡುವೆ, ಮಧ್ಯೆ ನಾಲ್ಕು ಜನ ಅಡ್ಡ ನಿಂತರೆ ಸದ್ದು ತುಂಡು ತುಂಡು. ಆದರೆ ಬೆಂಕಿ ಸುತ್ತಿನ ಹಾಡಿಗೆ ಅದೇ ಸರಿ. ಹಾಡುವವರ ಹತ್ತಿರ ಒಂದು ಇಟ್ಟರೆ ಕಟ್ಟಿಗೆ ಚಟಪಟ ಹಿಂದೆ ಸರಿಯುತ್ತದೆ. ಅಜ್ಜಿಯ ಹತ್ತಿರ ಸುಗ್ಗಿ ಪದ ಹೇಳಿಸಬೇಕು ಅಂತಿದ್ದರೂ ಇದೇ ಬೇಕು. ಪಾಕೆಟ್ 3ಕ್ಕೆ ಡಿಜೆಐ ಮೈಕ್ 2 ಅಥವಾ ಮೈಕ್ ಮಿನಿ ನೇರ ಜೋಡಿಸಬಹುದು, ನಡುವೆ ರಿಸೀವರ್ ಬೇಡ. ಮೈಕ್ 2ರ ಟ್ರಾನ್ಸ್‌ಮಿಟರ್ ಒಳಗೇ ರೆಕಾರ್ಡ್ ಮಾಡಿಟ್ಟುಕೊಳ್ಳುತ್ತದೆ, ಮಿನಿಯಲ್ಲಿ ಅದಿಲ್ಲ. ಇದನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ, ಮೊದಲು ರೆಕಾರ್ಡರ್.

ಯಾವ ಮೈಕಾದರೂ ತುಪ್ಪಳದ ಟೋಪಿ ಹಾಕಿ. ಸ್ಪಂಜಿನದು ದೇವರಮನೆ, ಮುಳ್ಳಯ್ಯನಗಿರಿಯ ಗಾಳಿಗೆ ಲೆಕ್ಕಕ್ಕಿಲ್ಲ. ರೆಕಾರ್ಡರಿನಲ್ಲಿ ಲೋ ಕಟ್ ಅಂತ ಒಂದು ಗುಂಡಿ ಇರುತ್ತದೆ. ಗಾಳಿಯ ಬುಸ್ಸನ್ನು ಕಡಿಮೆ ಮಾಡುತ್ತದೆ, ಆದರೆ ಡೊಳ್ಳಿನ ಹೊಟ್ಟೆಯ ಸದ್ದನ್ನೂ ತೆಗೆದುಬಿಡುತ್ತದೆ. ಬೀರೂರು ಕಡೂರು ಕಡೆ ಡೊಳ್ಳು, ವೀರಗಾಸೆಗೆ ಹೋದರೆ ಅದನ್ನು ಆಫ್ ಮಾಡಿ.

ಚಿತ್ರ, ಸದ್ದು ಎರಡನ್ನೂ ಸೇರಿಸುವುದು ಕಷ್ಟವೇನಲ್ಲ. ಎರಡೂ ಓಡುತ್ತಿರುವಾಗ ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ ತಟ್ಟಿ. ಎಡಿಟ್ ಮಾಡುವಾಗ ಆ ಚಪ್ಪಾಳೆಗೆ ಎರಡನ್ನೂ ಹೊಂದಿಸಿ. ಬೆಳಗಿನ ತನಕ ಒಂದೇ ಉದ್ದ ಫೈಲು ಓಡಿಸಬೇಡಿ, ಎರಡು ಯಂತ್ರಗಳ ಗಡಿಯಾರ ಸ್ವಲ್ಪ ಸ್ವಲ್ಪವೇ ಬೇರೆಯಾಗಿ ಮಾತಿಗೂ ತುಟಿಗೂ ಹೊಂದುವುದಿಲ್ಲ. ಕಾರ್ಡಿನ ಲೆಕ್ಕವೂ ಇರಲಿ: ಸೆಕೆಂಡಿಗೆ 100 ಮೆಗಾಬಿಟ್ಟಿನ 4ಕೆ ಗಂಟೆಗೆ 45 ಜಿಬಿ ತಿನ್ನುತ್ತದೆ, 50 ಮೆಗಾಬಿಟ್ಟಿನ 1080 ಅದರ ಅರ್ಧ. ವಿ30 (ವೇಗದ ಗುರುತು) ಅಂತ ಬರೆದಿರುವ ಕಾರ್ಡನ್ನು ಗೊತ್ತಿರುವ ಅಂಗಡಿಯಲ್ಲೇ ಕೊಳ್ಳಿ, ನಕಲಿ ಬಹಳ.

ಚಿತ್ರೀಕರಣಕ್ಕೆ ಆಟ ಆಡಿಸುವವರನ್ನೂ ಮೇಳದವರನ್ನೂ ಕೇಳಿ. ಸುಗ್ಗಿಯಲ್ಲಿ ದೇವರ ಹತ್ತಿರ ಕ್ಯಾಮೆರಾ ಬೇಡ ಅನ್ನುವ ಊರುಗಳಿವೆ, ಅಲ್ಲಿ ಸುಮ್ನೆ ಜೇಬಿಗೆ ಹಾಕಿಕೊಳ್ಳಿ. ಕ್ಯಾಮೆರಾಕ್ಕೆ ಲೈಟ್ ಕಟ್ಟಿ ಕುಣಿಯುವವರ ಕಣ್ಣಿಗೆ ಹೊಡೆಯುವುದಂತೂ ಬೇಡವೇ ಬೇಡ.

ಹಳೆಯದು ಆಗಬಹುದಾ ಅಂದಿದ್ದೀರಿ. ಆಗಬಹುದು, ನೋಡಿ ಕೊಂಡರೆ. ಮೊದಲು ಮೈಕ್ ತೂತು ಇದೆಯಾ ನೋಡಿ. ಸೋನಿ ಆರ್‌ಎಕ್ಸ್100 ಸಾಲಿನಲ್ಲಿ ಏಳನೆಯದಕ್ಕೆ ಮಾತ್ರ ಇದೆ. ಕ್ಯಾನನ್ ಜಿ7ಎಕ್ಸ್‌ನಲ್ಲಿ ಮಾರ್ಕ್ 3ಕ್ಕೆ ಇದೆ, ಮಾರ್ಕ್ 2ಕ್ಕೆ ಇಲ್ಲ. ರೆಕಾರ್ಡರ್ ಬೇರೆ ಇಟ್ಟುಕೊಂಡರೆ ಈ ಕೊರತೆ ಅಷ್ಟು ಕಾಡುವುದಿಲ್ಲ, ಬೆಲೆ ಇಳಿಸಿ ಕೇಳಲು ಒಳ್ಳೆಯ ನೆಪ. ಮದುವೆ ಸ್ಟುಡಿಯೋದವರು ಮಾರುವ ಹ್ಯಾಂಡಿಕ್ಯಾಮುಗಳಲ್ಲಿ ಜೂಮ್ ಭರ್ಜರಿ ಇರುತ್ತದೆ, ಗಂಟೆಗಟ್ಟಲೆ ಓಡುತ್ತವೆ. ಆದರೆ ಸೆನ್ಸರ್ ಪುಟ್ಟದು, ಬೆಂಕಿ ಬೆಳಕಿಗೆ ಮತ್ತೆ ಅದೇ ಕಾಳು. ಯಾವುದನ್ನೇ ಆದರೂ ಹಗಲು ಅಂಗಡಿಯ ಟ್ಯೂಬ್‌ಲೈಟಿನಲ್ಲಿ ನೋಡಬೇಡಿ. ಸಂಜೆ ಏಳರ ಮೇಲೆ ಹೋಗಿ, ನಿಮ್ಮದೇ ಕಾರ್ಡ್ ಹಾಕಿ ಹೊರಗೆ ಬಿ.ಎಂ. ರಸ್ತೆಯಲ್ಲಿ ಐದು ನಿಮಿಷ ತೆಗೆದು, ಮನೆಗೆ ತಂದು ದೊಡ್ಡ ಪರದೆಯಲ್ಲಿ ನೋಡಿ.

ಕೊನೆಗೆ ನಮ್ಮ ಕಡೆಯ ವಿಶೇಷ ರೋಗ, ಫಂಗಸ್. ಮಲೆನಾಡಿನ ಮಳೆಗಾಲ ಕಳೆದ ಹಳೆಯ ಲೆನ್ಸಿನೊಳಗೆ ಜೇಡರ ಬಲೆಯಂಥ ಎಳೆಗಳಿರುವುದು ಮಾಮೂಲು. ಮೊಬೈಲಿನ ಟಾರ್ಚನ್ನು ಲೆನ್ಸಿಗೆ ಓರೆಯಾಗಿ ಹಿಡಿದರೆ ಕಾಣುತ್ತದೆ. ಕಂಡರೆ ಬಿಟ್ಟು ಬನ್ನಿ, ಜೇಬಿನ ಕ್ಯಾಮೆರಾದ ಲೆನ್ಸ್ ಬಿಚ್ಚಿ ತೊಳೆಸುವ ಖರ್ಚು ಕ್ಯಾಮೆರಾಕ್ಕಿಂತ ಜಾಸ್ತಿ ಆದೀತು. ನಿಮ್ಮದನ್ನೂ ಜೂನ್‌ನಿಂದ ಸೆಪ್ಟೆಂಬರ್ ತನಕ ಚರ್ಮದ ಕವರಿನಲ್ಲಿ ಬೀರುವಿನೊಳಗೆ ಇಡಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಆಗಾಗ ತೆಗೆದು ಸ್ವಲ್ಪ ಹೊತ್ತು ಓಡಿಸುವುದು, ಇಷ್ಟು ಸಾಕು. ಡಿಸೆಂಬರ್ ಜನವರಿಯ ಇಬ್ಬನಿಯಲ್ಲಿ ತೆಗೆದು ಬಂದ ರಾತ್ರಿ ನೇರ ಬೆಚ್ಚಗಿನ ಕೋಣೆಯೊಳಗೆ ಹೊರತೆಗೆಯಬೇಡಿ. ಜಿಪ್ ಕವರಿನೊಳಗೇ ಮುಚ್ಚಿಟ್ಟು, ಕ್ಯಾಮೆರಾ ಕೋಣೆಯಷ್ಟೇ ಬೆಚ್ಚಗಾದ ಮೇಲೆ ಬೆಳಿಗ್ಗೆ ತೆಗೆಯಿರಿ. ಇಲ್ಲದಿದ್ದರೆ ತೇವ ಕೂರುವುದು ಕವರಿನ ಮೇಲಲ್ಲ, ಲೆನ್ಸಿನ ಮೇಲೆ.